ಹೆಪ್ಪುಗಟ್ಟಿದ ಕಡಲ ಮೇಲೆ ಬೆಚ್ಚಗಿನ ಕಾಲು

ಜನವರಿ ತಿಂಗಳು. ಕೆನಡಾದ ಉತ್ತರದಂಚಿನಲ್ಲಿ ಕಿಂಗ್ ವಿಲಿಯಂ ಎಂಬ ದ್ವೀಪ. ಅದರ ಸುತ್ತಲಿನ ಸಮುದ್ರ ಆಳೆತ್ತರ ಹೆಪ್ಪುಗಟ್ಟಿ, ಕಣ್ಣು ಹಾಯಿಸಿದಷ್ಟು ದೂರ ಬೆಳ್ಳನೆಯ ಬಯಲಾಗಿದೆ. ಸೂರ್ಯ ದಿಗಂತ ಬಿಟ್ಟು ಮೇಲೇಳುವುದೇ ಅಪರೂಪ. ಉಷ್ಣತೆ ಸೊನ್ನೆಗಿಂತ 30 ಡಿಗ್ರಿ ಸೆಲ್ಸಿಯಸ್ ಕೆಳಗೆ. ಇಂಥ ಕಡೆ ಒಬ್ಬ ಮನುಷ್ಯ ಸೊಂಟ ಬಗ್ಗಿಸಿ, ಕೈಗೆಟಕುವಂತೆ ಈಟಿ ಇಟ್ಟುಕೊಂಡು, ಕಾಲ ಬುಡದ ಹಿಮವನ್ನೇ ದಿಟ್ಟಿಸುತ್ತ ನಿಂತಿದ್ದಾನೆ. ಒಂದು ಗಂಟೆಯಾಯಿತು, ಎರಡಾಯಿತು. ಅವನು ಕದಲಲಿಲ್ಲ. ದೂರದಿಂದ ನೋಡಿದವರು ನೆಟ್ಟ ಕಂಬ ಎಂದುಕೊಂಡಾರು.

ನೂರು ವರ್ಷಗಳ ಹಿಂದೆ ಅಲ್ಲಿ ಇದು ದಿನನಿತ್ಯದ ನೋಟ. ನಿಂತವನು ನೆಟ್ಸಿಲಿಕ್ ಪಂಗಡದ ಬೇಟೆಗಾರ. ನಮ್ಮ ಶಾಲಾ ಪುಸ್ತಕಗಳು ಬಹುಕಾಲ ಇವರನ್ನು ಎಸ್ಕಿಮೊ ಎಂದೇ ಕರೆದವು. ಅವರು ತಮ್ಮನ್ನು ಕರೆದುಕೊಳ್ಳುವುದು ಇನ್ಯೂಟ್ ಎಂದು. ಅವರ ಮಾತಿನಲ್ಲಿ ಅದಕ್ಕೆ ‘ಜನ’ ಎಂದಷ್ಟೇ ಅರ್ಥ.

ಅವನು ಕಾಯುತ್ತಿರುವುದು ಸೀಲ್ ಪ್ರಾಣಿಗಾಗಿ. ಸೀಲ್ ಮೀನಿನಂತೆ ಈಜಿದರೂ ಮೀನಲ್ಲ. ಅದಕ್ಕೆ ಶ್ವಾಸಕೋಶವಿದೆ, ಉಸಿರಾಡಲು ಗಾಳಿ ಬೇಕು. ಚಳಿಗಾಲ ಬಂದು ಕಡಲು ಮುಚ್ಚಿಕೊಳ್ಳುತ್ತಿದ್ದಂತೆ ಅದು ತನ್ನ ಮುಂಗಾಲಿನ ಉಗುರುಗಳಿಂದ ಹಿಮಗಡ್ಡೆಯನ್ನು ಕೆರೆದು ಉಸಿರುಗಂಡಿಗಳನ್ನು ಉಳಿಸಿಕೊಳ್ಳುತ್ತದೆ. ಇನ್ಯೂಟರು ಈ ಗಂಡಿಗೆ ‘ಅಗ್ಲು’ ಎನ್ನುತ್ತಾರೆ. ಮೇಲೆ ಹಿಮ ಮುಚ್ಚಿರುವುದರಿಂದ ಮನುಷ್ಯನ ಕಣ್ಣಿಗೆ ಅದು ಕಾಣದು, ನಾಯಿಯ ಮೂಗಿಗೆ ಮಾತ್ರ ಸಿಕ್ಕುತ್ತದೆ. ನಾಯಿ ತೋರಿಸಿಕೊಟ್ಟ ಮೇಲೆ ಬೇಟೆಗಾರ ಗಂಡಿಯ ಆಕಾರವನ್ನು ಕಡ್ಡಿ ಹಾಕಿ ಅಳೆದು, ಮತ್ತೆ ಮೊದಲಿನಂತೆ ಮುಚ್ಚಿ, ಒಳಗೊಂದು ಸಣ್ಣ ಪುಕ್ಕವನ್ನೋ ತೆಳ್ಳನೆಯ ಕಡ್ಡಿಯನ್ನೋ ನಿಲ್ಲಿಸುತ್ತಾನೆ. ಸೀಲ್ ಬಂದು ಉಸಿರು ಬಿಟ್ಟರೆ ಪುಕ್ಕ ಅಲುಗುತ್ತದೆ. ಆ ಕ್ಷಣಕ್ಕೆ ಈಟಿ ಇಳಿಯಬೇಕು.

ತೊಡಕು ಇರುವುದು ಇಲ್ಲಿ. ಒಂದು ಸೀಲ್ ಒಂದೇ ಗಂಡಿಯನ್ನು ನೆಚ್ಚಿರುವುದಿಲ್ಲ, ಹಲವನ್ನು ಇಟ್ಟುಕೊಂಡಿರುತ್ತದೆ. ಈ ಗಂಡಿಗೆ ಯಾವಾಗ ಬರುತ್ತದೆಂದು ಹೇಳುವಂತಿಲ್ಲ. ಬಂದರೂ ಮೇಲೆ ಹೆಜ್ಜೆಯ ಸಪ್ಪಳವಾದರೆ ಹಿಂದಿರುಗಿ ಹೋಗುತ್ತದೆ. ಹಿಮಗಡ್ಡೆಯ ಮೂಲಕ ಸದ್ದು ನೀರಿಗೆ ಚೆನ್ನಾಗಿ ಇಳಿಯುತ್ತದೆ. ಚಳಿಗೆ ಕಾಲು ಮರಗಟ್ಟಿದರೆ ನಾವು ನೀವೆಲ್ಲ ಏನು ಮಾಡುತ್ತೇವೆ? ಕಾಲನ್ನು ನೆಲಕ್ಕೆ ಬಡಿಯುತ್ತೇವೆ, ಅತ್ತಿತ್ತ ಓಡಾಡುತ್ತೇವೆ. ಆ ದಾರಿ ಇವನಿಗೆ ಮುಚ್ಚಿದೆ. ಅಲುಗಿದರೆ ಬೇಟೆ ಹೋಯಿತು. ಅಲುಗದಿದ್ದರೆ ಕಾಲು ಹೋಗುವ ಭಯ. ಕಾಲು ಹೋದ ಬೇಟೆಗಾರ ಮನೆಗೆ ನಡೆದು ಬರಲಾರ, ನಾಳೆ ಬೇಟೆಗೂ ಹೋಗಲಾರ. ಅವನ ಹಿಂದೆ ಹಿಮದ ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಮುದುಕರಿದ್ದಾರೆ.

ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಬೇಟೆ ಅಪರಾಧ. ಬೇಟೆಯ ಕತೆ ಮಕ್ಕಳಿಗೇಕೆ ಎಂದು ತಾಯಿತಂದೆಯರು ಕೇಳಬಹುದು. ಒಂದು ಪೈರೂ ಬೆಳೆಯದ ಆ ನಾಡಿನಲ್ಲಿ ಸೀಲ್ ಎಂದರೆ ಅನ್ನ, ದೀಪದ ಎಣ್ಣೆ, ಬಟ್ಟೆ, ಬೂಟು ಎಲ್ಲವೂ. ಸಿಕ್ಕ ಸೀಲನ್ನು ಗೊತ್ತಾದ ಪಾಲುಗಳಾಗಿ ಕತ್ತರಿಸಿ ಹಲವು ಮನೆಗಳಿಗೆ ಹಂಚುವ ಕಟ್ಟುಪಾಡು ನೆಟ್ಸಿಲಿಕರಲ್ಲಿತ್ತು. ಅಲ್ಲದೆ, ಅವನ ಕಾಲಿನ ಪ್ರಶ್ನೆ ಬೇಟೆಗಷ್ಟೇ ಸೇರಿದ್ದಲ್ಲ. ಬೆಳಗಾವಿ, ಧಾರವಾಡ, ಕೊಡಗಿನ ಎಷ್ಟೋ ಮನೆಗಳ ಮಕ್ಕಳು ಸೈನ್ಯಕ್ಕೆ ಸೇರಿ ಹಿಮಾಲಯದ ಗಡಿಯಲ್ಲಿ ಕಾವಲು ನಿಲ್ಲುತ್ತಾರೆ. ಅಲ್ಲಾಡದೆ ನಿಂತು ಕಾಯುವವನ ಕಾಲು ಎಲ್ಲಿದ್ದರೂ ಒಂದೇ.

ಕಾಲೇ ಏಕೆ ಮೊದಲು?

ಚಳಿಯಲ್ಲಿ ಮೊದಲು ಸೋಲುವುದು ಕಾಲ್ಬೆರಳು. ಇದು ದೇಹದ ದೌರ್ಬಲ್ಯವಲ್ಲ, ದೇಹವೇ ಮಾಡಿಕೊಂಡ ಲೆಕ್ಕಾಚಾರ. ಹೃದಯ, ಮಿದುಳು, ಯಕೃತ್ತುಗಳಿರುವ ಒಡಲು 37 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಇರಬೇಕು; ನಾಲ್ಕೈದು ಡಿಗ್ರಿ ಇಳಿದರೂ ಪ್ರಾಣಕ್ಕೆ ಸಂಚಕಾರ. ಒಡಲಿನ ಶಾಖ ಸೋರತೊಡಗಿದೊಡನೆ ಮಿದುಳು ಕೈಕಾಲುಗಳ ತುದಿಯ ರಕ್ತನಾಳಗಳಿಗೆ ಸಂಕುಚಿಸಲು ಆಜ್ಞೆ ಕೊಡುತ್ತದೆ. ಬಿಸಿ ರಕ್ತ ಅತ್ತ ಹರಿಯುವುದು ಕಡಿಮೆಯಾಗುತ್ತದೆ. ಬರಗಾಲದಲ್ಲಿ ನಾಲೆಯ ಕೊನೆಯ ಹೊಲಗಳಿಗೆ ನೀರು ನಿಲ್ಲಿಸಿದ ಹಾಗೆ!

ಪಾದಕ್ಕೆ ತನ್ನದೇ ಆದ ಒಲೆಯೂ ಇಲ್ಲ. ಶಾಖ ಹುಟ್ಟುವುದು ಹೆಚ್ಚಾಗಿ ಸ್ನಾಯುಗಳಲ್ಲಿ. ಪಾದವನ್ನು ಆಡಿಸುವ ದೊಡ್ಡ ಸ್ನಾಯುಗಳೆಲ್ಲ ಮೇಲೆ ಮೀನಖಂಡದಲ್ಲಿವೆ. ಪಾದದಲ್ಲಿರುವುದು ಬಹುಮಟ್ಟಿಗೆ ಎಲುಬು, ಕೀಲು, ಸ್ನಾಯುರಜ್ಜು, ಚರ್ಮ. ಸಾಲದ್ದಕ್ಕೆ ಅದರ ಆಕಾರ ತೆಳುವು; ಗಾತ್ರಕ್ಕೆ ಹೋಲಿಸಿದರೆ ಮೈಹರವು ಹೆಚ್ಚು. ಸಣ್ಣ ಲೋಟದ ಕಾಫಿ ದೊಡ್ಡ ಪಾತ್ರೆಯ ಕಾಫಿಗಿಂತ ಬೇಗ ಆರುವುದೂ ಇದೇ ಕಾರಣಕ್ಕೆ.

ಆದರೆ ರಕ್ತ ಪೂರ್ತಿ ನಿಂತರೆ ಬೆರಳು ಸತ್ತೇಹೋಗುತ್ತದೆ. ಅದಕ್ಕೂ ದೇಹದಲ್ಲೊಂದು ಏರ್ಪಾಡಿದೆ. 1930ರಲ್ಲಿ ಬ್ರಿಟಿಷ್ ವೈದ್ಯ ಥಾಮಸ್ ಲೂಯಿಸ್ ಇದನ್ನು ವರ್ಣಿಸಿದರು. ಬೆರಳನ್ನು ಮಂಜುಗಡ್ಡೆಯ ನೀರಿನಲ್ಲಿ ಅದ್ದಿದಾಗ ಅದು ಮೊದಲು ತಣ್ಣಗಾಗುತ್ತ ಹೋಯಿತು. ಐದು ಹತ್ತು ನಿಮಿಷಗಳಲ್ಲಿ ನೀರು ಅಷ್ಟೇ ತಣ್ಣಗಿದ್ದರೂ ಬೆರಳು ತಾನೇ ಬಿಸಿಯೇರಿತು! ಮತ್ತೆ ತಣ್ಣಗಾಯಿತು, ಮತ್ತೆ ಏರಿತು. ಮುಚ್ಚಿಕೊಂಡ ರಕ್ತನಾಳಗಳು ನಡುನಡುವೆ ತೆರೆದುಕೊಂಡು ಬೆರಳಿಗೆ ಒಂದಿಷ್ಟು ಬಿಸಿ ರಕ್ತ ಬಿಟ್ಟು ಮತ್ತೆ ಮುಚ್ಚಿಕೊಳ್ಳುತ್ತಿದ್ದವು. ಲೂಯಿಸ್ ಇದಕ್ಕೆ ‘ಹಂಟಿಂಗ್ ರಿಯಾಕ್ಷನ್’ ಎಂದು ಹೆಸರಿಟ್ಟರು. ಹೆಸರಿನಲ್ಲಿ ಬೇಟೆಯಿದ್ದರೂ ಇದಕ್ಕೂ ಕಾಡಿನ ಬೇಟೆಗೂ ಸಂಬಂಧವಿಲ್ಲ. ಯಂತ್ರವೊಂದು ಒಂದು ಕಡೆ ನಿಲ್ಲದೆ ಮೇಲೆ ಕೆಳಗೆ ಓಲಾಡುತ್ತಿದ್ದರೆ ಎಂಜಿನಿಯರುಗಳು ಅದನ್ನು ‘ಹಂಟಿಂಗ್’ ಎನ್ನುತ್ತಾರೆ, ಅಷ್ಟೆ. ಆದರೂ ಬೇಟೆಗಾರನಿಗೆ ಇದು ಒದಗಿಬರುವುದು ನಿಜ. ತಣ್ಣೀರಿನಲ್ಲಿ ಕೈಯಾಡಿಸುವ ಮೀನುಗಾರರಲ್ಲಿ, ಇನ್ಯೂಟರಲ್ಲಿ ಈ ಗುಣ ಹೆಚ್ಚು ಚುರುಕು. ಒಂದು ಷರತ್ತಿದೆ: ಒಡಲು ಬೆಚ್ಚಗಿರಬೇಕು. ಒಡಲೇ ತಣಿದಿದ್ದರೆ ಈ ಬಾಗಿಲು ತೆರೆಯುವುದು ವಿರಳ.

ಆದ್ದರಿಂದ ಕಾಲು ತಣ್ಣಗಾದರೆ ಟೋಪಿ ಹಾಕು, ಹೊಟ್ಟೆತುಂಬ ತಿನ್ನು ಎಂಬ ಬೇಟೆಗಾರರ ಮಾತಿನಲ್ಲಿ ಹುರುಳಿದೆ. (ದೇಹದ ಅರ್ಧ ಶಾಖ ತಲೆಯಿಂದಲೇ ಹೋಗುತ್ತದೆ ಎನ್ನುವುದು ಮಾತ್ರ ಉತ್ಪ್ರೇಕ್ಷೆ. ಎಲ್ಲೆಡೆ ಬಟ್ಟೆ ತೊಟ್ಟು ತಲೆಯೊಂದನ್ನೇ ಬರಿದಾಗಿ ಬಿಟ್ಟರೆ ಅಲ್ಲಿಂದ ಹೆಚ್ಚು ಸೋರುವುದು ಸಹಜವೇ.) ಬೀಡಿ ಸಿಗರೇಟಿನ ನಿಕೋಟಿನ್ ರಕ್ತನಾಳಗಳನ್ನು ಇನ್ನಷ್ಟು ಬಿಗಿಯುತ್ತದೆ. ಹೆಂಡ ಚರ್ಮದ ನಾಳಗಳನ್ನು ತೆರೆದು ಬೆಚ್ಚಗಾದಂತೆ ನಂಬಿಸಿ, ಒಡಲಿನ ಶಾಖವನ್ನೇ ಹೊರಗೆ ಸುರಿಸಿಬಿಡುತ್ತದೆ. ಚಳಿಗೆ ಒಂದು ಗುಟುಕು ಎನ್ನುವವರಿಗೆ ಶರೀರಶಾಸ್ತ್ರದ ಬೆಂಬಲವಿಲ್ಲ.

ಹಿಮಪ್ರದೇಶದ ನರಿಗೆ ಬೂಟೇ ಬೇಡ. ಅದರ ಕಾಲಿನಲ್ಲಿ ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಮೈಗೆ ಮೈ ತಾಗಿಸಿಕೊಂಡಿವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾರಿಯಲ್ಲೇ ಕೊಟ್ಟುಬಿಡುವುದರಿಂದ ಒಡಲಿನ ಶಾಖ ಹೊರಗೆ ಹೋಗುವುದಿಲ್ಲ. ಪಾದ ಹೆಪ್ಪುಗಟ್ಟುವ ಅಂಚಿನಲ್ಲೇ ಇರುತ್ತದೆ, ಆದರೆ ಹೆಪ್ಪುಗಟ್ಟುವುದಿಲ್ಲ. 1972ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನರಿ, ತೋಳಗಳ ಪಾದವನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗಿದ್ದ ದ್ರವದಲ್ಲಿ ಅದ್ದಿದಾಗಲೂ ಅವು ಪಾದವನ್ನು ಸೊನ್ನೆಗಿಂತ ಕೇವಲ ಒಂದು ಡಿಗ್ರಿಯಷ್ಟು ಕೆಳಗೆ ಹಿಡಿದಿಟ್ಟುಕೊಂಡವು. ಮನುಷ್ಯನಿಗೆ ಇಷ್ಟು ನಾಜೂಕಿನ ಕಾಲಿಲ್ಲ. ಅವನು ನರಿಯ, ಜಿಂಕೆಯ, ಸೀಲಿನ ಚರ್ಮವನ್ನು ಎರವಲು ಪಡೆಯಬೇಕಾಯಿತು.

ಬೆವರು ಎಂಬ ಕಳ್ಳ

ದಪ್ಪ ಬೂಟು, ದಪ್ಪ ಕಾಲುಚೀಲ ತೊಟ್ಟರೆ ಮುಗಿಯಿತಲ್ಲ ಎನಿಸಬಹುದು. ಹಾಗಲ್ಲ. ಬಟ್ಟೆಯಾಗಲಿ ಚರ್ಮವಾಗಲಿ ತಾನಾಗಿ ಶಾಖ ಕೊಡುವುದಿಲ್ಲ. ಶಾಖವನ್ನು ತಡೆಯುವುದು ಅದರ ಎಳೆಗಳ ನಡುವೆ ಸಿಕ್ಕಿಕೊಂಡ ನಿಶ್ಚಲ ಗಾಳಿ. ಗಾಳಿ ಶಾಖಕ್ಕೆ ಬಹಳ ಕೆಟ್ಟ ವಾಹಕ. ನೀರು ಅದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು ಸುಲಭವಾಗಿ ಶಾಖವನ್ನು ಸಾಗಿಸುತ್ತದೆ. ಮಂಜುಗಡ್ಡೆಯಂತೂ ನೀರಿಗಿಂತಲೂ ಸುಮಾರು ನಾಲ್ಕು ಪಟ್ಟು. ಕಾಲುಚೀಲದಲ್ಲಿ ಗಾಳಿಯಿದ್ದ ಜಾಗಕ್ಕೆ ನೀರು ಬಂತೆಂದರೆ ಅದು ಕಂಬಳಿಯ ಕೆಲಸ ಬಿಟ್ಟು ಒದ್ದೆ ಬಟ್ಟೆಯ ಪಟ್ಟಿಯ ಕೆಲಸ ಹಿಡಿಯುತ್ತದೆ. ಜ್ವರಕ್ಕೆ ಹಣೆಯ ಮೇಲೆ ಹಾಕುತ್ತೇವಲ್ಲ, ಆ ಪಟ್ಟಿ!

ಈ ನೀರು ಹೊರಗಿನಿಂದಲೇ ಬರಬೇಕಿಲ್ಲ. ಅಂಗಾಲಿನಲ್ಲಿ ಬೆವರಿನ ಗ್ರಂಥಿಗಳು ದಟ್ಟವಾಗಿವೆ. ಬೇಟೆಗಾರ ಮೊದಲು ಮೈಲಿಗಟ್ಟಲೆ ನಡೆಯುತ್ತಾನೆ, ಆಮೇಲೆ ನಿಲ್ಲುತ್ತಾನೆ. ನಡೆಯುವಾಗ ಕಾಲು ಬೆವರುತ್ತದೆ, ನಿಂತಾಗ ಆ ಬೆವರೇ ಶತ್ರುವಾಗುತ್ತದೆ. ಒಂದು ಸಣ್ಣ ಲೆಕ್ಕ ಮಾಡಿ. ಒಂದು ಗ್ರಾಂ ಬೆವರು ಆವಿಯಾಗಲು ಸುಮಾರು 2,400 ಜೂಲ್ ಶಾಖ ಬೇಕು. ಹತ್ತು ಗ್ರಾಂ, ಅಂದರೆ ಎರಡು ಚಮಚದಷ್ಟು ಬೆವರಿಗೆ 24,000 ಜೂಲ್. ಒಂದು ಕಿಲೋಗ್ರಾಂ ತೂಕದ ಪಾದ ಒಂದು ಡಿಗ್ರಿ ತಣಿಯಲು ಕಳೆದುಕೊಳ್ಳಬೇಕಾದ ಶಾಖ ಹೆಚ್ಚುಕಡಿಮೆ 3,500 ಜೂಲ್. ಆ ಶಾಖವೆಲ್ಲ ಪಾದದಿಂದಲೇ ಹೋಗಿ, ರಕ್ತದಿಂದ ಏನೂ ಬಾರದಿದ್ದರೆ ಪಾದ ಸುಮಾರು ಏಳು ಡಿಗ್ರಿ ತಣಿಯುತ್ತದೆ. ನಿಜವಾದ ಬೂಟಿನಲ್ಲಿ ಲೆಕ್ಕ ಇಷ್ಟು ಸರಳವಲ್ಲ. ಆದರೂ ಎರಡು ಚಮಚ ಬೆವರಿನ ಶಕ್ತಿ ಎಷ್ಟೆಂದು ಇದರಿಂದ ತಿಳಿಯುತ್ತದೆ.

ತೀವ್ರ ಚಳಿಯಲ್ಲಿ ಇನ್ನೊಂದು ಕಾಟ. ಆವಿಯಾದ ಬೆವರು ಹೊರಗೆ ಹೋಗುವ ದಾರಿಯಲ್ಲಿ, ಬೂಟಿನ ಹೊರಪದರದ ತಣ್ಣನೆಯ ಜಾಗ ಸಿಕ್ಕಿದೊಡನೆ ಅಲ್ಲೇ ಹಿಮದ ಪುಡಿಯಾಗಿ ಕೂರುತ್ತದೆ. ದಿನದಿನಕ್ಕೆ ಅದು ಬೆಳೆದು ಬೂಟು ಒಳಗಿನಿಂದಲೇ ಮಂಜುಗಟ್ಟುತ್ತದೆ.

ಹೆಂಗಸರ ಹೊಲಿಗೆ

ಇನ್ಯೂಟರು ಜೂಲ್ ಲೆಕ್ಕ ಹಾಕಿದವರಲ್ಲ. ಆದರೆ ಅವರ ಬೂಟು ‘ಕಾಮಿಕ್’ ಮೇಲಿನ ಪ್ರತಿಯೊಂದು ತೊಡಕಿಗೂ ಉತ್ತರ ಕೊಟ್ಟಿದೆ.

ಒಣ ಚಳಿಯ ಕಾಲಕ್ಕೆ ಕ್ಯಾರಿಬೂ ಎಂಬ ಹಿಮಸಾರಂಗದ ಚರ್ಮ. ಅದರ ಕೂದಲಿನ ಒಳಗೆ ಗಾಳಿ ತುಂಬಿದ ಸಣ್ಣ ಸಣ್ಣ ಕೋಶಗಳಿವೆ. ಕೂದಲುಗಳ ನಡುವೆಯಷ್ಟೇ ಅಲ್ಲ, ಕೂದಲಿನೊಳಗೂ ಗಾಳಿ. ಒಳಗಿನ ಕಾಲುಚೀಲದಲ್ಲಿ ಕೂದಲು ಒಳಮುಖವಾಗಿ ಚರ್ಮಕ್ಕೆ ತಾಗಿರುತ್ತದೆ, ಹೊರಗಿನದರಲ್ಲಿ ಹೊರಮುಖವಾಗಿರುತ್ತದೆ. ನೆಲ ಒದ್ದೆಯಾಗುವ ವಸಂತ ಮತ್ತು ಬೇಸಿಗೆಗೆ ಬೇರೆ ಬೂಟು: ಕೂದಲು ಕೆರೆದು ತೆಗೆದ, ನೀರು ಹಿಡಿಯದ ಸೀಲ್ ಚರ್ಮದ್ದು. ಎಲ್ಲ ಕಾಲಕ್ಕೂ ಒಂದೇ ಬೂಟು ಎಂಬ ನಂಬಿಕೆ ಅವರಿಗಿರಲಿಲ್ಲ.

ಅಂಗಾಲಿನ ಕೆಳಗೆ ಇನ್ನೊಂದು ಸಮಸ್ಯೆಯಿದೆ. ಎಷ್ಟೇ ಮೆತ್ತನೆಯ ಚೀಲವಾದರೂ ಮೈಭಾರಕ್ಕೆ ಅಪ್ಪಚ್ಚಿಯಾಗಿ ಅದರಲ್ಲಿನ ಗಾಳಿ ಹೊರಟುಹೋಗುತ್ತದೆ. ಅದಕ್ಕೆ ಬೂಟಿನ ತಳಕ್ಕೆ ಒಣಹುಲ್ಲನ್ನೋ ಪಾಚಿಯನ್ನೋ ಹಾಸುತ್ತಿದ್ದರು. ಉಸಿರುಗಂಡಿಯ ಬಳಿ ನಿಲ್ಲುವಾಗ ಕಾಲಡಿಗೆ ಒಂದು ತುಪ್ಪಳದ ತುಂಡು. ಅದು ಕಾಲಿನ ಶಾಖ ಹಿಮಕ್ಕೆ ಇಳಿಯದಂತೆ ತಡೆಯಿತು, ಹೆಜ್ಜೆಯ ಸದ್ದನ್ನೂ ನುಂಗಿತು.

ಹುಲ್ಲಿನ ಉಪಾಯ ಇನ್ಯೂಟರದಷ್ಟೇ ಅಲ್ಲ. ಉತ್ತರ ಯುರೋಪಿನಲ್ಲಿ ಹಿಮಸಾರಂಗ ಸಾಕುವ ಸಾಮಿ ಜನ ಕಾಲುಚೀಲದ ಬದಲು ಜೊಂಡಿನ ಜಾತಿಯ ಒಂದು ಹುಲ್ಲನ್ನು ಕೊಯ್ದು, ಬಡಿದು ಮೆತ್ತಗೆ ಮಾಡಿ ಬೂಟಿಗೆ ತುಂಬುತ್ತಿದ್ದರು. 1991ರ ಸೆಪ್ಟೆಂಬರಿನಲ್ಲಿ ಆಲ್ಪ್ಸ್ ಪರ್ವತದ ಹಿಮದಡಿ ಸಿಕ್ಕ, ‘ಓಟ್ಜಿ’ ಎಂದು ಹೆಸರಾದ ಮನುಷ್ಯನ ದೇಹ ಸುಮಾರು 5,300 ವರ್ಷ ಹಳೆಯದು. ಅವನ ಬಳಿ ಅರ್ಧ ಕೆತ್ತಿದ ಬಿಲ್ಲೂ ಬಾಣಗಳೂ ಇದ್ದವು. ಹೊಟ್ಟೆಯಲ್ಲಿ ಕಾಡುಮೇಕೆ, ಜಿಂಕೆಗಳ ಮಾಂಸವಿತ್ತು. ಅವನ ಪಾದರಕ್ಷೆಯ ತಳ ಕರಡಿಯ ಚರ್ಮದ್ದು, ಮೇಲುಭಾಗ ಜಿಂಕೆಯದು. ಒಳಗೆ ಮರದ ನಾರಿನಿಂದ ಹೆಣೆದ ಬಲೆ, ಆ ಬಲೆಯೊಳಗೆ ಒಣಹುಲ್ಲು! ಹುಲ್ಲಿನ ದೊಡ್ಡ ಗುಣವೆಂದರೆ ಅದು ಬೆವರನ್ನು ತಾನು ಹೀರಿಕೊಳ್ಳುತ್ತದೆ. ಸಂಜೆ ಹೊರತೆಗೆದು ಕೊಡವಿ ಒಣಗಿಸಬಹುದು, ಕೆಟ್ಟರೆ ಎಸೆದು ಹೊಸದು ತುಂಬಬಹುದು.

ಕಾಮಿಕ್‌ನಲ್ಲಿ ಎಲ್ಲಕ್ಕಿಂತ ಮೆಚ್ಚಬೇಕಾದದ್ದು ಹೊಲಿಗೆ. ಸೂಜಿ ಚುಚ್ಚಿದ ತೂತಿನಲ್ಲಿ ನೀರು ಒಳಬರಲೇಬೇಕಲ್ಲವೆ? ಇನ್ಯೂಟ್ ಹೆಂಗಸರು ಸೂಜಿಯನ್ನು ಚರ್ಮದ ಆಚೆಗೆ ದಾಟಿಸುವುದೇ ಇಲ್ಲ. ಅರ್ಧ ದಪ್ಪದವರೆಗೆ ಇಳಿಸಿ ಹಾಗೇ ಮೇಲೆತ್ತುತ್ತಾರೆ. ಒಂದು ಸಾಲು ಈ ಬದಿಯಿಂದ, ಇನ್ನೊಂದು ಸಾಲು ಆ ಬದಿಯಿಂದ. ಪೂರ್ತಿ ಆರುಪಾರಾದ ತೂತು ಒಂದೂ ಇರುವುದಿಲ್ಲ. ದಾರವೂ ಹತ್ತಿಯದಲ್ಲ, ಹಿಮಸಾರಂಗದ ಸ್ನಾಯುರಜ್ಜುವನ್ನು ಸೀಳಿ ಮಾಡಿದ್ದು. ಒದ್ದೆಯಾದರೆ ಅದು ಉಬ್ಬಿ ತೂತನ್ನು ಇನ್ನಷ್ಟು ಬಿಗಿಯಾಗಿ ಮುಚ್ಚುತ್ತದೆ.

ಹೊಲಿದು ಕೊಟ್ಟರೆ ಮುಗಿಯಲಿಲ್ಲ. ಗಂಡಸು ಮನೆಗೆ ಬರುವ ಮುಂಚೆ ಬೂಟು, ಬಟ್ಟೆಗಳ ಮೇಲಿನ ಹಿಮದ ಪುಡಿಯನ್ನು ಕೋಲಿನಿಂದ ಬಡಿದು ಉದುರಿಸಬೇಕು. ಒಳಗೆ ತಂದ ಮೇಲೆ ಕರಗಿದರೆ ಅದು ನೀರಾಗಿ ಚರ್ಮಕ್ಕೆ ಇಳಿಯುತ್ತದೆ. ಆಮೇಲೆ ಬೂಟು, ಚೀಲಗಳನ್ನು ದೀಪದ ಮೇಲಿನ ಅಟ್ಟಣಿಗೆಯಲ್ಲಿ ಒಣಹಾಕಬೇಕು. ‘ಕುಲ್ಲಿಕ್’ ಎಂಬ ಆ ದೀಪ ಬಳಪದ ಕಲ್ಲಿನದು. ನಮ್ಮ ಬೇಲೂರು ಹಳೇಬೀಡಿನ ಶಿಲ್ಪಗಳನ್ನು ಕೆತ್ತಿದ್ದೂ ಅಂಥದೇ ಮೃದುವಾದ ಕಲ್ಲಿನಲ್ಲಿ. ಸೀಲ್ ಕೊಬ್ಬು ಉರಿಯುವ ಆ ದೀಪವೇ ಮನೆಯ ಬೆಳಕು, ಒಲೆ, ಬಟ್ಟೆ ಒಣಗಿಸುವ ಬಿಸಿಲು. ರಾತ್ರಿಯಿಡೀ ಬತ್ತಿ ಸರಿಮಾಡುವುದೂ ಹೆಂಗಸರ ಕೆಲಸ. ಒಣಗಿದ ತಳ ಬೆಳಗಿಗೆ ಹಲಗೆಯಂತೆ ಬಿರುಸಾಗಿರುತ್ತಿತ್ತು. ಅದನ್ನು ಹಲ್ಲಿನಿಂದ ಕಚ್ಚಿ ಕಚ್ಚಿ ಮೆತ್ತಗೆ ಮಾಡಿ ಗಂಡನ ಕಾಲಿಗೆ ಕೊಡಬೇಕು. ವಯಸ್ಸಾದ ಹೆಂಗಸರ ಹಲ್ಲುಗಳು ಸವೆದು ವಸಡಿನ ಮಟ್ಟಕ್ಕೆ ಬಂದಿರುತ್ತಿದ್ದವು. ಚಿತ್ರಗಳಲ್ಲಿ ಯಾವಾಗಲೂ ಈಟಿ ಹಿಡಿದ ಗಂಡಸೇ ಕಾಣುತ್ತಾನೆ. ಅವನ ಕಾಲು ಉಳಿದದ್ದು ಮನೆಯೊಳಗಿನ ಈ ಕೆಲಸದಿಂದ.

ನಾರ್ವೆಯ ಸಾಹಸಿ ರೋಲ್ಡ್ ಅಮುಂಡ್ಸೆನ್ 1903ರಿಂದ ಎರಡು ಚಳಿಗಾಲ ಇದೇ ಕಿಂಗ್ ವಿಲಿಯಂ ದ್ವೀಪದಲ್ಲಿ ಹಡಗು ನಿಲ್ಲಿಸಿಕೊಂಡಿದ್ದಾಗ ನೆಟ್ಸಿಲಿಕರಿಂದ ಈ ಉಡುಪಿನ ವಿದ್ಯೆ ಕಲಿತರು. ಸಡಿಲವಾಗಿ ತೊಡು, ಬೆವರಬೇಡ ಎಂಬುದು ಅದರ ಸಾರ. ಆದರೂ 1911ರ ಸೆಪ್ಟೆಂಬರಿನಲ್ಲಿ ದಕ್ಷಿಣ ಧ್ರುವಕ್ಕೆಂದು ಅವಸರದಿಂದ ಹೊರಟ ಅವರ ತಂಡ ತಡೆಯಲಾಗದ ಚಳಿಗೆ ಸಿಕ್ಕಿ, ಕೆಲವರ ಹಿಮ್ಮಡಿ ಹೆಪ್ಪುಗಟ್ಟಿಸಿಕೊಂಡು ಹಿಂದಿರುಗಬೇಕಾಯಿತು. ಬೂಟುಗಳು ಬಿರುಸಾಗಿದ್ದವು, ಇಕ್ಕಟ್ಟಾಗಿದ್ದವು. ಮತ್ತೆ ಮತ್ತೆ ಬಿಚ್ಚಿ, ದೊಡ್ಡದು ಮಾಡಿ ಹೊಲಿದ ಬೂಟಿನಲ್ಲಿ ಅಕ್ಟೋಬರಿನಲ್ಲಿ ಹೊರಟವರು ಡಿಸೆಂಬರ್ 14ರಂದು ಧ್ರುವ ಮುಟ್ಟಿದರು. ಚೆನ್ನಾಗಿ ಕಲಿತವರೂ ಒಮ್ಮೆ ಪೆಟ್ಟು ತಿಂದೇ ತಿಳಿಯಬೇಕಾಯಿತೆನ್ನಿ.

ನೂರರಲ್ಲಿ ತೊಂಬತ್ತು ವಾಪಸು

ಸರಿಸುಮಾರು ಅದೇ ಹೊತ್ತಿಗೆ ಅಮೆರಿಕದ ಮೇಯ್ನ್ ಸಂಸ್ಥಾನದಲ್ಲಿ ಲಿಯಾನ್ ಬೀನ್ ಎಂಬ ಬೇಟೆಯ ಹವ್ಯಾಸಿ ಕಾಡಿನಿಂದ ಒದ್ದೆಯಾದ, ತಣ್ಣಗೆ ಕೊರೆಯುವ ಕಾಲಿನಲ್ಲಿ ಮನೆಗೆ ಬಂದರು. ಚರ್ಮದ ಬೂಟು ಹಗುರ, ಆದರೆ ನೀರು ಕುಡಿಯುತ್ತದೆ. ರಬ್ಬರ್ ಬೂಟಿಗೆ ನೀರಿನ ಭಯವಿಲ್ಲ, ಆದರೆ ಭಾರ, ಕಾಲು ಬೆವರುತ್ತದೆ. ಕೆಳಗೆ ರಬ್ಬರ್, ಮೇಲೆ ಚರ್ಮ ಸೇರಿಸಿ ಹೊಲಿದರೆ ಹೇಗೆ? 1912ರಲ್ಲಿ ಹಾಗೆ ಮಾಡಿಸಿದ ನೂರು ಜೋಡಿ ಬೂಟುಗಳನ್ನು ಬೇಟೆಗಾರರಿಗೆ ಅಂಚೆಯಲ್ಲಿ ಮಾರಿದರು. ತೊಂಬತ್ತು ಜೋಡಿ ವಾಪಸು ಬಂದವು! ರಬ್ಬರಿಗೂ ಚರ್ಮಕ್ಕೂ ಹಾಕಿದ ಹೊಲಿಗೆ ಕಿತ್ತುಬಂದಿತ್ತು. ಬೀನ್ ಎಲ್ಲರಿಗೂ ಹಣ ಹಿಂದಿರುಗಿಸಿ, ಸಾಲ ಮಾಡಿ, ಬೂಟನ್ನು ಸುಧಾರಿಸಿದರು. ಆ ಬಗೆಯ ಬೂಟು ಇಂದಿಗೂ ಮಾರಾಟದಲ್ಲಿದೆ. ಕಾರ್ಖಾನೆಯ ಯಂತ್ರ ಎಡವಿದ್ದು, ಇನ್ಯೂಟ್ ಅಜ್ಜಿಯರು ಎಂದೋ ಗೆದ್ದಿದ್ದ ಹೊಲಿಗೆಯ ಜಾಗದಲ್ಲೇ.

ರಬ್ಬರ್ ತಳ, ಚರ್ಮದ ಮೇಲುಭಾಗದ ಇಂಥದೇ ‘ಶೂಪ್ಯಾಕ್’ ಬೂಟು ತೊಟ್ಟು ಅಮೆರಿಕದ ಸೈನಿಕರು 1950ರ ಚಳಿಗಾಲದಲ್ಲಿ ಕೊರಿಯಾದ ಚೋಸಿನ್ ಜಲಾಶಯದ ಬಳಿ ಹೋರಾಡಿದರು. ಬೆಟ್ಟ ಹತ್ತುವಾಗ ರಬ್ಬರಿನೊಳಗೆ ಕಾಲು ಬೆವರಿತು. ರಾತ್ರಿ ಕಂದಕದಲ್ಲಿ ನಿಂತಾಗ ಆ ಬೆವರು ಹೆಪ್ಪುಗಟ್ಟಿತು. ಸಾವಿರಾರು ಮಂದಿ ಹಿಮಕಡಿತಕ್ಕೆ ಸಿಕ್ಕರು. ಆಮೇಲೆ ಬಂದ ಹೊಸ ಬೂಟಿನಲ್ಲಿ ಉಣ್ಣೆಯ ಪದರವನ್ನು ರಬ್ಬರಿನ ಎರಡು ಗೋಡೆಗಳ ನಡುವೆ ಗಾಳಿಯಾಡದಂತೆ ಮುಚ್ಚಿದ್ದರು. ಕಾಲು ಬೆವರಿದರೂ ಬೆವರು ಉಣ್ಣೆಗೆ ತಾಗದು, ಹೊರಗಿನ ನೀರೂ ತಾಗದು. ದುಂಡಗೆ ಊದಿದಂತಿದ್ದ ಅದಕ್ಕೆ ಸೈನಿಕರು ‘ಮಿಕ್ಕಿ ಮೌಸ್ ಬೂಟು’ ಎಂದು ಅಡ್ಡಹೆಸರಿಟ್ಟರು. ಕಾಲು ತೊಯ್ದಂತಿದ್ದರೂ ಬೆಚ್ಚಗಿರುತ್ತಿತ್ತು. ಆದರೆ ಹಗಲಿಡೀ ತೊಯ್ದ ಚರ್ಮ ಮೆತ್ತಗಾಗಿ ಕೆಡುವುದರಿಂದ ದಿನಕ್ಕೊಮ್ಮೆಯಾದರೂ ಬಿಚ್ಚಿ ಒರೆಸಿ ಚೀಲ ಬದಲಿಸಲೇಬೇಕಿತ್ತು.

ಇಂದು ಉತ್ತರ ಅಮೆರಿಕದಲ್ಲಿ ಪರವಾನಗಿ ಪಡೆದು ಜಿಂಕೆ ಬೇಟೆಗೆ ಹೋಗುವವರು ಮರದ ಮೇಲಿನ ಅಟ್ಟಣೆಯಲ್ಲಿ ಗಂಟೆಗಟ್ಟಲೆ ಕೂರುತ್ತಾರೆ. ಅವರಲ್ಲಿ ಹೊಸಬರು ಮಾಡುವ ತಪ್ಪುಗಳು ಹಳೆಯವೇ. ಚಳಿ ಹೆಚ್ಚೆಂದು ಅದೇ ಬೂಟಿಗೆ ಎರಡು ಜೊತೆ ಚೀಲ ತುರುಕುವುದು ಮೊದಲನೆಯದು. ಬೂಟು ಬಿಗಿಯಾಗಿ ಚೀಲದ ಗಾಳಿ ಹೊರಹೋಗುತ್ತದೆ, ರಕ್ತಸಂಚಾರವೂ ತಗ್ಗುತ್ತದೆ. ಒಂದು ಜೊತೆ ಹಾಕಿದ್ದರೇ ಕಾಲು ಹೆಚ್ಚು ಬೆಚ್ಚಗಿರುತ್ತಿತ್ತು. ಎರಡನೆಯದು ಹತ್ತಿಯ ಚೀಲ. ಹತ್ತಿ ಬೆವರು ಹೀರಿ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಉಣ್ಣೆ ತನ್ನ ತೂಕದ ಮೂರನೆಯ ಒಂದು ಭಾಗದಷ್ಟು ತೇವವನ್ನು ಎಳೆಯೊಳಕ್ಕೆ ಎಳೆದುಕೊಂಡರೂ ಒದ್ದೆ ಎನಿಸುವುದಿಲ್ಲ. ಮಳೆಯಲ್ಲಿ ಕುರಿ ಕಾಯುವವರು ಕಂಬಳಿಯನ್ನು ಬಿಡದಿರುವುದು ಸುಮ್ಮನೆ ಅಲ್ಲ. ಮೂರನೆಯದು ಮನೆಯಲ್ಲೇ ದಪ್ಪ ಬೂಟು ತೊಟ್ಟು ಅಟ್ಟಣೆಯವರೆಗೆ ಬಿರುಸಾಗಿ ನಡೆಯುವುದು. ಅನುಭವಸ್ಥರು ಹಗುರವಾದ ಬೂಟಿನಲ್ಲಿ ನಿಧಾನವಾಗಿ ನಡೆದು, ದಪ್ಪ ಬೂಟನ್ನು ಬೆನ್ನಿಗೆ ಕಟ್ಟಿಕೊಂಡು ಹೋಗುತ್ತಾರೆ. ಕೂರುವ ಜಾಗ ಬಂದ ಮೇಲೆ ಕಾಲು ಒರೆಸಿ, ಒಣ ಚೀಲ ತೊಟ್ಟು, ಆಮೇಲೆ ದಪ್ಪ ಬೂಟಿಗೆ ಕಾಲಿಡುತ್ತಾರೆ. ಕಾಲಡಿಗೆ ಒಂದು ತುಂಡು ಸ್ಪಂಜಿನ ಹಾಸು. ನೆಟ್ಸಿಲಿಕ್ ಬೇಟೆಗಾರನ ತುಪ್ಪಳದ ತುಂಡೇ ಇದು, ಬೇರೆ ರೂಪದಲ್ಲಿ.

ಮನೆಯಲ್ಲೇ ಮಾಡಿ ನೋಡಿ

ಇದನ್ನೆಲ್ಲ ತಿಳಿಯಲು ಉತ್ತರ ಧ್ರುವಕ್ಕೆ ಹೋಗಬೇಕಿಲ್ಲ. ಒಂದೇ ಅಳತೆಯ ನಾಲ್ಕು ಬಾಟಲಿಗಳು, ಹಳೆಯ ಉಣ್ಣೆಯ ಕಾಲುಚೀಲ ಮೂರು, ಶಾಲೆಯ ಪ್ರಯೋಗಾಲಯದ ಒಂದು ಉಷ್ಣಮಾಪಕ ಇದ್ದರೆ ಸಾಕು. ಜ್ವರ ನೋಡುವ ಥರ್ಮಾಮೀಟರ್ ಬೇಡ, ಅದು 42 ಡಿಗ್ರಿಗೆ ಮುಗಿಯುತ್ತದೆ, ಬಿಸಿನೀರಿಗೆ ಹಾಕಿದರೆ ಒಡೆದೀತು. ನಾಲ್ಕಕ್ಕೂ ಒಂದೇ ಬಿಸಿಯ ನೀರನ್ನು, ಸುಮಾರು 60 ಡಿಗ್ರಿಯದನ್ನು, ದೊಡ್ಡವರ ಕೈಯಿಂದ ಹುಯ್ಯಿಸಿ ಮುಚ್ಚಳ ಹಾಕಿ. ಒಂದು ಬಾಟಲಿ ಬರಿದಾಗಿರಲಿ. ಎರಡನೆಯದಕ್ಕೆ ಒಣ ಚೀಲ. ಮೂರನೆಯದಕ್ಕೆ ನೀರಿನಲ್ಲಿ ಅದ್ದಿ ಹಿಂಡಿದ ಚೀಲ. ನಾಲ್ಕನೆಯದಕ್ಕೆ ಒಣ ಚೀಲ ತೊಡಿಸಿ, ಮೇಲೆ ಹುರಿಯನ್ನು ಬಿಗಿಯಾಗಿ ಒತ್ತೊತ್ತಾಗಿ ಸುತ್ತಿ. ಎಲ್ಲವನ್ನೂ ಫ್ಯಾನಿನ ಕೆಳಗೆ ಇಟ್ಟು ಕಾಲುಗಂಟೆಗೊಮ್ಮೆ ಉಷ್ಣತೆ ಬರೆದುಕೊಳ್ಳಿ. ಒದ್ದೆ ಚೀಲದ ಬಾಟಲಿ ಬರಿಯ ಬಾಟಲಿಗಿಂತಲೂ ಬೇಗ ತಣ್ಣಗಾಗುವುದನ್ನು ನೋಡಿದರೆ ಬೇಟೆಗಾರನ ಭಯ ಅರ್ಥವಾಗುತ್ತದೆ. ಎರಡನೆಯದಕ್ಕೂ ನಾಲ್ಕನೆಯದಕ್ಕೂ ಎಷ್ಟು ಅಂತರ ಬಂತೆಂದು ನೀವೇ ಅಳೆಯಿರಿ.

ಇನ್ನೂ ಸುಲಭದ್ದು ಬೇಕೆ? ಡಿಸೆಂಬರಿನ ಬೆಳಿಗ್ಗೆ ಒಂದು ಕಾಲನ್ನು ಸಿಮೆಂಟು ನೆಲದ ಮೇಲೂ ಇನ್ನೊಂದನ್ನು ಈಚಲು ಚಾಪೆಯ ಮೇಲೂ ಇಟ್ಟು ನಿಲ್ಲಿ. ಎರಡರ ಉಷ್ಣತೆಯೂ ಒಂದೇ. ನೆಲ ಏಕೆ ಕೊರೆಯುತ್ತದೆ, ಚಾಪೆ ಏಕೆ ಕೊರೆಯುವುದಿಲ್ಲ?

ಹೆಪ್ಪುಗಟ್ಟಿದರೆ

ಹಿಮಾಲಯದ ಚಾರಣಕ್ಕೆ ಹೋಗುವ ವಿದ್ಯಾರ್ಥಿಗಳು ಒಂದು ಮಾತು ನೆನಪಿಡಬೇಕು. ಚಳಿಗೆ ನೋಯುತ್ತಿದ್ದ ಬೆರಳು ಇದ್ದಕ್ಕಿದ್ದಂತೆ ನೋವು ನಿಲ್ಲಿಸಿ ಜೋಮು ಹಿಡಿದರೆ ಅದು ನೆಮ್ಮದಿಯಲ್ಲ, ಅಪಾಯದ ಗಂಟೆ. ಚರ್ಮ ಮೇಣದಂತೆ ಬಿಳಿಚಿಕೊಂಡು ಗಟ್ಟಿಯಾದರೆ ಹಿಮಕಡಿತ. ಹಿಂದೆ ಅದನ್ನು ಹಿಮದಿಂದಲೇ ಉಜ್ಜಬೇಕೆಂಬ ಸಲಹೆಯಿತ್ತು. 1812ರಲ್ಲಿ ನೆಪೋಲಿಯನ್ ರಷ್ಯಾಕ್ಕೆ ದಂಡೆತ್ತಿ ಹೋದಾಗ ಜೊತೆಗಿದ್ದ ಶಸ್ತ್ರವೈದ್ಯ ಲಾರೆ ಬೆಂಕಿಗೆ ಕಾಲು ಚಾಚಿ ಸುಟ್ಟುಕೊಂಡ ಸೈನಿಕರನ್ನು ಕಂಡು ಹಾಗೆ ಹೇಳಿದ್ದರು. ಬೆಂಕಿ ಬೇಡವೆಂದದ್ದು ಸರಿ, ಹಿಮದಿಂದ ಉಜ್ಜುವುದು ತಪ್ಪು. ಉಜ್ಜಿದರೆ ಹೆಪ್ಪುಗಟ್ಟಿದ ಅಂಗಾಂಶ ಹರಿಯುತ್ತದೆ. ಇಂದಿನ ವೈದ್ಯರು 37ರಿಂದ 39 ಡಿಗ್ರಿಯ ಉಗುರುಬೆಚ್ಚಗಿನ ನೀರಿನಲ್ಲಿ ಕಾಲಿಡಿಸುತ್ತಾರೆ. ಅದೂ ಮತ್ತೆ ಚಳಿಗೆ ಹೋಗಬೇಕಿಲ್ಲವೆಂದು ಖಾತ್ರಿಯಾದ ಮೇಲೆ, ಏಕೆಂದರೆ ಕರಗಿದ ಬೆರಳು ಮತ್ತೊಮ್ಮೆ ಹೆಪ್ಪುಗಟ್ಟಿದರೆ ಹಾನಿ ದೊಡ್ಡದು. ಇನ್ನೂ ಹೆಪ್ಪುಗಟ್ಟದೆ ಜೋಮು ಹಿಡಿದಷ್ಟೇ ಆಗಿದ್ದರೆ ಇನ್ಯೂಟರ ಹಳೆಯ ಉಪಾಯ ಸಾಕು: ಬರಿಗಾಲನ್ನು ಜೊತೆಗಾರನ ಅಂಗಿಯೊಳಗೆ ಹೊಟ್ಟೆಗೆ ತಾಗಿಸಿ ಇಡುವುದು. ಒಳ್ಳೆಯ ಸ್ನೇಹಿತರು ಬೇಕು!

ಮನೆಯಲ್ಲಿ ಸಕ್ಕರೆ ಕಾಯಿಲೆಯ ಹಿರಿಯರಿದ್ದರೆ ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಆ ಕಾಯಿಲೆಯಲ್ಲಿ ಪಾದದ ಸ್ಪರ್ಶಜ್ಞಾನ ತಗ್ಗಿರಬಹುದು. ಕಾಲು ತಣ್ಣಗಿದೆಯೆಂದು ಬಿಸಿನೀರಿನ ಚೀಲ ಇಟ್ಟುಕೊಂಡರೆ ಸುಟ್ಟದ್ದು ಅವರಿಗೆ ತಿಳಿಯುವುದಿಲ್ಲ. ಸಡಿಲವಾದ ಉಣ್ಣೆಯ ಕಾಲುಚೀಲವೇ ಕ್ಷೇಮ.

ನೆಟ್ಸಿಲಿಕರ ನಾಡು 1999ರ ಏಪ್ರಿಲ್ 1ರಿಂದ ನುನಾವುಟ್ ಎಂಬ ಪ್ರತ್ಯೇಕ ಆಡಳಿತ ಪ್ರದೇಶಕ್ಕೆ ಸೇರಿದೆ. ಹಿಮದ ಮನೆಗಳ ಬದಲು ಮರದ ಮನೆಗಳು ಬಂದಿವೆ, ನಾಯಿಗಾಡಿಯ ಜಾಗವನ್ನು ಬಹುಪಾಲು ಹಿಮದ ಮೇಲೆ ಓಡುವ ಮೋಟಾರು ಬಂಡಿ ಹಿಡಿದಿದೆ. ಬೇಟೆಗೆ ಹೋಗುವವರಲ್ಲಿ ಅಂಗಡಿಯ ಬೂಟು ತೊಡುವವರೂ ಇದ್ದಾರೆ, ಮನೆಯಲ್ಲಿ ಹೊಲಿದ ಕಾಮಿಕ್ ಬಿಡದವರೂ ಇದ್ದಾರೆ. ಅಂಗಡಿಯ ಬೂಟಿನೊಳಗೆ ಹೊರತೆಗೆಯಲು ಬರುವ ದಪ್ಪ ಉಣ್ಣೆಯ ಒಳಚೀಲವೊಂದಿರುತ್ತದೆ. ರಾತ್ರಿ ಮನೆಗೆ ಬಂದ ಮೇಲೆ ಅದನ್ನು ತೆಗೆದು ಒಲೆಯ ಬಳಿ ಒಣಹಾಕುವ ಕೆಲಸ ಮಾತ್ರ ಯಾವ ಬೂಟಿನವರಿಗೂ ತಪ್ಪಿಲ್ಲ.